ಹದಿನೈದನೆಯ ಹಾಳೆ

ಕಮಲಾದೇವಿಯವರ ಬಲಮೊಣಕಾಲಿನ ಹೊಲಿಗೆಯಿಂದ ಕೀವು ಬಂದ ದಿನ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ, ಡ್ರೆಸ್ಸಿಂಗ್ ಮಾಡುವ ಮುಂಚೆ ಮಹೇಶ್ವರಿ ಕೈ ತೊಳೆದುಕೊಂಡಿದ್ದಳೋ ಇಲ್ಲವೋ ಎಂಬುದು.

ಕೇಳಿದವರು ಮಾವ ಶಂಭುಲಿಂಗಯ್ಯ. ಕಲಬುರ್ಗಿ ಕಡೆಯಿಂದ ಮಠದ ಕೆಲಸಕ್ಕೆಂದು ಕಾಶಿಗೆ ಬಂದು ಅವರಿಗೆ ಮೂವತ್ತೆಂಟು ವರ್ಷವಾಗಿತ್ತು. ಈಗ ಮಠದ ಯಾತ್ರಿನಿವಾಸದ ಉಸ್ತುವಾರಿ ಅವರದು. ಬಂಗಾಲಿ ಟೋಲಾದ ಒಂದು ಗಲ್ಲಿಯಲ್ಲಿ, ಮೊದಲನೇ ಮಹಡಿಯಲ್ಲಿ ಮನೆ. ಹೆಂಡತಿ ಕಮಲಾದೇವಿ, ಮಗ ನೀಲಕಂಠ, ಸೊಸೆ ಮಹೇಶ್ವರಿ, ಹತ್ತನೇ ಕ್ಲಾಸಿನ ಮೊಮ್ಮಗಳು ಶಿವರಂಜನಿ. ನೀಲಕಂಠ ತನ್ನ ಬೊಲೆರೋದಲ್ಲಿ ಕರ್ನಾಟಕದ ಯಾತ್ರಿಕರನ್ನು ಪ್ರಯಾಗ, ಗಯಾ ಕಡೆಗೆ ಕರೆದೊಯ್ಯುತ್ತಿದ್ದ. ವಾರದಲ್ಲಿ ನಾಲ್ಕು ದಿನ ಊರಲ್ಲಿರುತ್ತಿರಲಿಲ್ಲ.

"ಸಾಬೂನು ಹಚ್ಚಿ ತೊಳ್ಕೊಂಡೀನಿ ಮಾವಾರ. ಪ್ರತಿ ಸಲಾನೂ ತೊಳ್ಕೊಂಡೀನಿ," ಎಂದಳು ಮಹೇಶ್ವರಿ.

"ರೊಟ್ಟಿ ಬಡಿಯೂದು ಬಿಟ್ಟು ಹಂಗ ಎದ್ದು ಬರ್ತಿದ್ದಿ. ನಾ ನೋಡೀನಿ."

"ಎಂದ ನೋಡೀರಿ?"

ಶಂಭುಲಿಂಗಯ್ಯ ಆಟೋ ತರಲು ಕೆಳಗಿಳಿದು ಹೋದರು.

ಮೊಣಕಾಲಿನ ಕೀಲು ಬದಲಿಸುವ ಆಪರೇಷನ್ ಆಗಿ ಆಗ ಹದಿನೇಳು ದಿನ. ಬೈಪಾಸ್ ರಸ್ತೆಯ ಬದಿಯ ಖಾಸಗಿ ಆಸ್ಪತ್ರೆ. ಅಲ್ಲಿನ ಎಲುಬಿನ ಡಾಕ್ಟರು ಪ್ರತಿ ಸೋಮವಾರ ಯಾತ್ರಿನಿವಾಸಕ್ಕೆ ಬಂದು ಯಾತ್ರಿಕರನ್ನು ಬಿಟ್ಟಿಯಾಗಿ ನೋಡುತ್ತಿದ್ದರು. ಆ ಪರಿಚಯದ ಮೇಲೆ ಶಂಭುಲಿಂಗಯ್ಯನವರೇ ಹೆಂಡತಿಯನ್ನು ಅಲ್ಲಿಗೆ ಸೇರಿಸಿದ್ದರು. ಆರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ಮನೆಯಲ್ಲಿ ಎರಡು ದಿನಕ್ಕೊಮ್ಮೆ ಪಟ್ಟಿ ಬದಲಿಸುವುದನ್ನು ಅಲ್ಲಿನ ನರ್ಸೇ ಮಹೇಶ್ವರಿಗೆ ಕಲಿಸಿದ್ದಳು. ಗಾಯದ ಪಟ್ಟಿ ಯಾವಾಗಲೂ ಸ್ವಲ್ಪ ಒದ್ದೆಯಾಗಿರುತ್ತದೆ ಎಂದು ಮಹೇಶ್ವರಿ ಎರಡು ಸಲ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದ್ದಳು. ಅದೆಲ್ಲ ಸಹಜ ಅಂದಿದ್ದರು.

ಕೀವು ಕಂಡ ದಿನ ಆ ಡಾಕ್ಟರು ಗಾಯ ನೋಡಿ, ಕೈಗವಸು ಕಳಚುತ್ತ ಕೇಳಿದ್ದು ಒಂದೇ ಪ್ರಶ್ನೆ, ಮನೆಯಲ್ಲಿ ಪಟ್ಟಿ ಕಟ್ಟುತ್ತಿದ್ದವರು ಯಾರು ಎಂದು: "ಘರ್ ಮೇ ಪಟ್ಟಿ ಕೌನ್ ಕರತಾ ಥಾ?"

"ಬಹೂ," ಎಂದರು ಶಂಭುಲಿಂಗಯ್ಯ, ಸೊಸೆಯ ಕಡೆ ಕೈ ತೋರಿಸಿ.

ಡಾಕ್ಟರು ತಲೆಯಾಡಿಸಿದರು. ಸೋಂಕು ಮನೆಯಿಂದಲೇ ಬಂದಿದೆ ಎಂದರು. ಮಹೇಶ್ವರಿ ಅಲ್ಲಿಯೇ, ಅತ್ತೆಯ ತಲೆಯ ಹತ್ತಿರ ನಿಂತಿದ್ದಳು.

ಹತ್ತು ದಿನದ ಗುಳಿಗೆ ಬರೆದುಕೊಟ್ಟರು. ನಾಲ್ಕನೇ ದಿನಕ್ಕೆ ಜ್ವರ ಏರಿ ಕಮಲಾದೇವಿ ಬಡಬಡಿಸತೊಡಗಿದರು. ಗಯಾದಿಂದ ಬಂದ ನೀಲಕಂಠ ಯಾರನ್ನೂ ಕೇಳದೆ ತಾಯಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಲಂಕಾ ಎಂಬ ಬಡಾವಣೆಯ ಆಚೆ, ವಿಶ್ವವಿದ್ಯಾಲಯದ ದೊಡ್ಡಾಸ್ಪತ್ರೆಗೆ ಹೋದ. ಅಲ್ಲಿ ಮೊಣಕಾಲು ಮತ್ತೆ ತೆರೆದರು. ಹೊಸದಾಗಿ ಹಾಕಿದ್ದ ಕೀಲನ್ನು ಹೊರಗೆ ತೆಗೆದು, ಔಷಧಿ ಬೆರೆಸಿದ ಸಿಮೆಂಟಿನ ತುಂಡು ಇಟ್ಟರು. ಆರು ವಾರ ಇಂಜೆಕ್ಷನ್ ಅಂದರು. ಮುಂದೆ ಮತ್ತೊಂದು ಕೀಲು ಹಾಕಲು ಬಂದರೆ ಬಂತು, ಇಲ್ಲದಿದ್ದರೆ ಕಾಲು ಮಡಿಸಲಾಗದ ಹಾಗೆ ಕೂಡಿಸಿಬಿಡಬೇಕು ಎಂದರು.

ಮೂರು ವಾರದ ಮೇಲೆ ಕಮಲಾದೇವಿ ಮನೆಗೆ ಬಂದರು. ಅಷ್ಟರಲ್ಲಿ ಗಲ್ಲಿಗೆಲ್ಲ ವಿಷಯ ಗೊತ್ತಾಗಿತ್ತು. ಮಠದ ಅಡಿಗೆಯ ಕುಮಾರಯ್ಯ ತರಕಾರಿ ಕೊಳ್ಳುವಾಗ ಮಹೇಶ್ವರಿಯನ್ನು ಕಂಡು, "ಸ್ವಲ್ಪ ಸ್ವಚ್ಛ ಇರಬೇಕಿತ್ತವಾ," ಎಂದಿದ್ದ. ಶಂಭುಲಿಂಗಯ್ಯ ಪಟ್ಟಿ ಕಟ್ಟಲು, ಇಂಜೆಕ್ಷನ್ ಕೊಡಲು ಒಬ್ಬ ಕಂಪೌಂಡರನ್ನು ಗೊತ್ತುಮಾಡಿದರು. ತಮ್ಮ ಊಟವನ್ನು ಮಠಕ್ಕೇ ಬದಲಾಯಿಸಿಕೊಂಡರು. ಮಹೇಶ್ವರಿ ದಿನವೂ ಅವರ ಲೆಕ್ಕದ ಎರಡು ರೊಟ್ಟಿ ಮಾಡುತ್ತಿದ್ದಳು, ಮರುದಿನ ಬೆಳಿಗ್ಗೆ ಅದನ್ನು ತಾನೇ ಮೊಸರು ಹಾಕಿಕೊಂಡು ತಿನ್ನುತ್ತಿದ್ದಳು.

ಒಂದು ಭಾನುವಾರ ಡಾಕ್ಟರ್ ಕೌಸಲ್ಯಾ ಸೇಬು ಹಣ್ಣು ತೆಗೆದುಕೊಂಡು ನೋಡಲು ಬಂದರು. ದಾವಣಗೆರೆಯವರು, ವಿಶ್ವವಿದ್ಯಾಲಯದಲ್ಲಿ ರೋಗಾಣುಗಳ ವಿಭಾಗದಲ್ಲಿ ಪಾಠ ಹೇಳುತ್ತಿದ್ದರು. ಹಬ್ಬ ಹುಣ್ಣಿಮೆಗೆ ಮಠಕ್ಕೆ ಬರುವವರಾದ್ದರಿಂದ ಮನೆಗೆ ಬೇಕಾದವರು. ದೊಡ್ಡಾಸ್ಪತ್ರೆಯ ಕೀವಿನ ಪರೀಕ್ಷೆಯ ವರದಿಯನ್ನು ಎರಡು ಸಲ ಓದಿ, ಅಡಿಗೆಮನೆಗೆ ಬಂದು ಮಹೇಶ್ವರಿಯ ಪಕ್ಕದಲ್ಲಿ ನಿಂತರು.

"ಇದು ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ಬೆಳೆಯೋ ರೋಗಾಣು ಕಣಮ್ಮ. ಆರು ಥರದ ಔಷಧಿಗೆ ಬಗ್ಗಿಲ್ಲ. ಮನೆ ಕೈಕೊಳೆಯಿಂದ ಬಂದದ್ದು ಇಷ್ಟು ಗಟ್ಟಿಯಾಗಿರೋದು ಅಪರೂಪ."

ಮಹೇಶ್ವರಿ ಬಡಿಯುತ್ತಿದ್ದ ರೊಟ್ಟಿ ಬಿಟ್ಟಳು. "ಹಂಗಾದ್ರ ನಂದಲ್ಲೇನ್ರಿ?"

"ಅಷ್ಟು ನೇರವಾಗಿ ನಾನು ಹೇಳೋಕಾಗಲ್ಲ. ಆಪರೇಷನ್ ಕಾಗದ, ನರ್ಸ್ ಬರೆದ ಚಾರ್ಟು ಎಲ್ಲಾ ನೋಡಬೇಕು. ಆ ಆಸ್ಪತ್ರೆಯವರನ್ನ ಕೇಳಿ. ಬರೆದು ಕೇಳಿದ್ರೆ ಎಪ್ಪತ್ತೆರಡು ತಾಸಿನೊಳಗೆ ನಕಲು ಕೊಡಬೇಕು, ಅದು ರೋಗಿ ಹಕ್ಕು."

ಹಿಂದಿಯಲ್ಲಿ ಅರ್ಜಿ ಬರೆದದ್ದು ಶಿವರಂಜನಿ. ಕಮಲಾದೇವಿ ಮಲಗಿದಲ್ಲೇ ಕನ್ನಡದಲ್ಲಿ ಸಹಿ ಮಾಡಿದರು. ಆಸ್ಪತ್ರೆಯ ಕೌಂಟರಿನವರು ಮೊದಲ ಸಲ ಅರ್ಜಿ ಮುಟ್ಟಲೇ ಇಲ್ಲ. ಎರಡನೇ ಸಲ ಮಹೇಶ್ವರಿ ಸ್ವೀಕೃತಿಯ ಸಿಕ್ಕಾ ಹೊಡೆಸಿಕೊಳ್ಳದೆ ಕುರ್ಚಿ ಬಿಟ್ಟು ಏಳಲಿಲ್ಲ. ಒಂಬತ್ತನೇ ದಿನ ಮೂವತ್ತೊಂದು ಹಾಳೆಯ ಕಟ್ಟು ಸಿಕ್ಕಿತು. ಮನೆಗೆ ತಂದು ನೆಲದ ಮೇಲೆ ಸಾಲಾಗಿ ಹರಡಿದರು.

"ಮಮ್ಮೀ, ಪಂದ್ರಾ ನಂಬರ್ ನಹೀ ಹೈ," ಎಂದಳು ಶಿವರಂಜನಿ. "ಚೌದಾ ಕೇ ಬಾದ್ ಸೀಧಾ ಸೋಲಾ. ಇದು ನಾಲ್ಕನೇ ದಿನ, ಇದು ಆರನೇ ದಿನ. ಪಾಂಚ್ ಗಾಯಬ್."

ಐದನೇ ದಿನದ ಹದಿನೈದನೇ ಹಾಳೆಯೇ ಕಟ್ಟಿನಲ್ಲಿರಲಿಲ್ಲ. ಆರನೇ ದಿನದ ಹಾಳೆಯಲ್ಲಿ ಗಾಯ ಒಣಗಿದೆ, ಚೆನ್ನಾಗಿದೆ, ಮನೆಗೆ ಕಳಿಸಬಹುದು ಎಂದಿತ್ತು.

ಹನುಮಾನ್ ಘಾಟಿನ ವಕೀಲೆ ಅನಂತಲಕ್ಷ್ಮಿಯ ಹೆಸರು ಕೊಟ್ಟದ್ದೂ ಕೌಸಲ್ಯಾ ಅವರೇ. ಆಕೆಯ ಅಜ್ಜ ಪೌರೋಹಿತ್ಯಕ್ಕೆಂದು ಬಂದು ಇಲ್ಲೇ ನಿಂತವರು. ಆಕೆಯ ಕನ್ನಡ ಅರ್ಧಕ್ಕರ್ಧ ಹಿಂದಿಯಾಗಿತ್ತು. ನಡೆಯಲಾರದ ಕಕ್ಷಿದಾರಳಿಗಾಗಿ ತಾನೇ ಬಂಗಾಲಿ ಟೋಲಾಕ್ಕೆ ಬಂದಳು. ಅಂದು ಶಂಭುಲಿಂಗಯ್ಯ, ನೀಲಕಂಠ ಇಬ್ಬರೂ ಮನೆಯಲ್ಲಿದ್ದರು.

"ಪೊಲೀಸ್ ಕೇಸ್ ಆಗ್ತದೆ, ಆದರೆ ಡಾಕ್ಟರ್ ಮೇಲೆ ಅದು ನಿಲ್ಲೋದು ಬಹುತ್ ಮುಷ್ಕಿಲ್. ಮೆಡಿಕಲ್ ಕೌನ್ಸಿಲ್‌ಗೆ ಬರೀಬಹುದು. ಡಾಕ್ಟರಿಗೆ ಶಿಕ್ಷೆ ಆಗಬಹುದು, ನಿಮಗೆ ಏನೂ ಸಿಗೋದಿಲ್ಲ. ಗ್ರಾಹಕರ ಆಯೋಗ ಇದೆ. ಎರಡು ವರ್ಷದ ಒಳಗೆ ಹೋಗಬೇಕು. ನನ್ನ ಸಲಹೆ ಅದು."

"ಸೋಂಕು ಆಸ್ಪತ್ರಿಯಿಂದ ಬಂತಂದ್ರ ಸಾಕಲ್ಲ?" ಎಂದ ನೀಲಕಂಠ.

"ಸಾಕಾಗೋದಿಲ್ಲ ಭೈಯಾ. ಎಷ್ಟು ಎಚ್ಚರ ಇದ್ದರೂ ನೂರರಲ್ಲಿ ಒಬ್ಬರಿಗೆ ಆಗ್ತದೆ, ಅವರು ಅದನ್ನೇ ಹೇಳ್ತಾರೆ. ಅವರಿಗೆ ಯಾವಾಗ ಗೊತ್ತಾಯ್ತು, ಗೊತ್ತಾದ ಮೇಲೆ ಏನು ಮಾಡಿದರು, ಕೋರ್ಟಿನವರು ಅದು ನೋಡ್ತಾರೆ. ಅದಕ್ಕೇ ಈ ಹದಿನೈದನೇ ಹಾಳೆ ಬೇಕು." ಆಕೆ ಪೆನ್ನು ಕೆಳಗಿಟ್ಟಳು. "ಐದನೇ ದಿನ ಮಾತಾಜಿ ಹತ್ತಿರ ಯಾರು ಇದ್ದರು?"

ಮಹೇಶ್ವರಿ ಸಂಜೆ ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದಳು. ನೀಲಕಂಠ ಅಯೋಧ್ಯೆಯಲ್ಲಿದ್ದ. ಕಮಲಾದೇವಿಗೆ ನೋವಿನ ಔಷಧಿಯ ಮಂಪರು.

"ಹಗಲು ನಾ ಇದ್ದೆ," ಎಂದರು ಶಂಭುಲಿಂಗಯ್ಯ. "ಏನೂ ಇರಲಿಲ್ಲ. ಎಲ್ಲಾ ಸರಿ ಇತ್ತು."

ಅನಂತಲಕ್ಷ್ಮಿ ಹೋದ ಮೇಲೆ, ನೀಲಕಂಠ ಊಟಕ್ಕೆ ಕೂತಾಗ, ಶಂಭುಲಿಂಗಯ್ಯನವರ ದನಿ ಏರಿತು.

"ಕೇಸು ಗೀಸು ಏನೂ ಬ್ಯಾಡ. ಸೋಮವಾರ ಡಾಕ್ಟರು ಬರೂದು ನಿಲ್ಲಿಸಿದ್ರಂದ್ರ ಯಾತ್ರಿಕರಿಗೆ ಯಾರು ನೋಡ್ತಾರ? ಮಠದಾಗ ನಾ ಯಾರಿಗೆ ಮುಖಾ ತೋರಿಸ್ಲಿ?"

"ಅಪ್ಪಾ, ಅವ್ವನ ಕಾಲು ಹೋಗೇದ."

"ಯಾರಿಂದ ಹೋತು ಅದು?"

ನೀಲಕಂಠ ತಟ್ಟೆ ಸರಿಸಿ ಎದ್ದ. ಮಹೇಶ್ವರಿ ಆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಕಮಲಾದೇವಿ ಮಂಚದ ಮೇಲಿಂದ, "ಸಾರು ಆರ್ತದ, ಉಳಿದವರು ಉಣ್ರಿ," ಎಂದರು.

ಬೈಪಾಸ್ ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿ ಚುನಾರಿನ ಒಬ್ಬ ಹೆಂಗಸಿದ್ದಳೆಂದು ನೆನಪು ಮಾಡಿಕೊಂಡದ್ದು ಕಮಲಾದೇವಿಯೇ. ಹೆಸರು ರಾಮದೇಯಿ, ಆಪರೇಷನ್ ಅದೇ ದಿನ, ಅದೇ ಡಾಕ್ಟರು, ಅವಳದು ಎಡಗಾಲು. ಅವಳ ಮಗ ಮಹೇಶ್ವರಿಯ ಫೋನಿನಿಂದ ಒಂದು ಸಲ ಊರಿಗೆ ಮಾತಾಡಿದ್ದ. ನಂಬರು ಫೋನಿನಲ್ಲಿ ಉಳಿದಿತ್ತು. ಮಹೇಶ್ವರಿ ಮಾತಾಡಿದಳು. ರಾಮದೇಯಿಯ ಕಾಲೂ ಕೆಟ್ಟಿದೆ ಎಂದು ಗೊತ್ತಾಯಿತು.

ಮುಂದಿನ ಬುಧವಾರ ನೀಲಕಂಠ ವಿಂಧ್ಯಾಚಲಕ್ಕೆ ಯಾತ್ರಿಕರನ್ನು ಬಿಡಲು ಹೋಗುವಾಗ ಮಹೇಶ್ವರಿಯನ್ನೂ ಕರೆದುಕೊಂಡು ಹೋಗಿ ಚುನಾರಿನಲ್ಲಿ ಇಳಿಸಿದ. ರಾಮದೇಯಿ ಅಂಗಳದ ಬಿಸಿಲಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ಕೀಲನ್ನು ಇನ್ನೂ ತೆಗೆದಿರಲಿಲ್ಲ; ಮಿರ್ಜಾಪುರದ ಡಾಕ್ಟರೊಬ್ಬರು ಔಷಧಿ ಕೊಡುತ್ತಿದ್ದರು. ಆಸ್ಪತ್ರೆಯವರು ಇವಳ ಮಗನಿಗೂ, ಮನೆಯ ಕೊಳೆಯಿಂದ ಹೀಗಾಯಿತು ಎಂದಿದ್ದರು. ಮಗ ವರದಿ ತಂದುಕೊಟ್ಟ. ಮಹೇಶ್ವರಿ ಫೋಟೋ ತೆಗೆದು ಕೌಸಲ್ಯಾ ಅವರಿಗೆ ಕಳಿಸಿದಳು. ಚಹಾ ಮುಗಿಯುವುದರೊಳಗೆ ಫೋನ್ ಬಂತು.

"ಅದೇ ರೋಗಾಣು. ಬಗ್ಗದ ಔಷಧಿಗಳೂ ಅವೇ ಆರು. ಎರಡು ಮನೆ, ಎರಡು ಊರು, ಒಂದೇ ಆಪರೇಷನ್ ಕೋಣೆ. ಇದೊಂದರಿಂದಲೇ ಪೂರ್ತಿ ಸಾಬೀತಾಗಲ್ಲ, ಆದ್ರೆ ನಾನು ಇದನ್ನ ಬರೆದು ಸಹಿ ಮಾಡಿ ಕೊಡ್ತೀನಿ."

ಹೊರಡುವಾಗ ರಾಮದೇಯಿ ಮಹೇಶ್ವರಿಯ ಕೈ ಹಿಡಿದುಕೊಂಡಳು. "ತೋಹಾರ್ ಸಸುರ್ ತ ಬಹುತ್ ಹಲ್ಲಾ ಕಇಲೇ ರಹಲೇ," ಎಂದಳು. ನಿನ್ನ ಮಾವ ಅವತ್ತು ಗದ್ದಲ ಮಾಡಿದರಲ್ಲ, ಹಾಸಿಗೆ ಯಾಕೆ ತೊಯ್ದಿದೆ ಅಂತ ನರ್ಸನ್ನು ಕೇಳಿದರಲ್ಲ. ನರ್ಸು ಡಾಕ್ಟರನ್ನು ಕರೆತಂದಳು, ಡಾಕ್ಟರು ಅವರ ಹೆಗಲ ಮೇಲೆ ಕೈಹಾಕಿ ಹೊರಗೆ ಕರೆದುಕೊಂಡು ಹೋದರು. ಮಾರನೆಯ ದಿನ ನಿಮ್ಮನ್ನು ಮನೆಗೆ ಕಳಿಸಿದರು.

ಮಹೇಶ್ವರಿ ಅದನ್ನು ಮತ್ತೊಂದು ಸಲ ಹೇಳಿಸಿ ಕೇಳಿದಳು.

ಹಿಂತಿರುಗುವಾಗ ನೀಲಕಂಠನಿಗೆ ಹೇಳಿದಳು. ಗಂಗೆಯ ಸೇತುವೆ ದಾಟಿದ ಮೇಲೆ ಅವನು ಕೇಳಿದ.

"ಅಪ್ಪಗ ನೀನ ಕೇಳ್ತೀಯೋ, ನಾ ಕೇಳ್ಲೋ?"

"ನಾ ಕೇಳಿದ್ರ ಅದನ್ನೂ ನಾನ ಹುಟ್ಟಿಸೀನಿ ಅಂತಾರ."

ಮರುದಿನ ಬೆಳಿಗ್ಗೆ ಅತ್ತೆಯ ತಲೆ ಬಾಚುವಾಗ ಅವರಿಗೆ ಹೇಳಿದಳು. ಕಮಲಾದೇವಿ ಹಿಂದೆ ತಿರುಗಿ ನೋಡಲಿಲ್ಲ.

"ಹೆರಳು ಸಡಿಲ ಆತು, ಬಿಗಿ ಹಾಕು," ಎಂದರು. ಹೆರಳು ಮುಗಿದಾಗ, "ಯಾರ ಮುಂದೂ ಹೇಳಬ್ಯಾಡ. ನಾ ಕೇಳ್ತೀನಿ," ಎಂದರು.

ಆ ಭಾನುವಾರ ಶಂಭುಲಿಂಗಯ್ಯ ಬಹಳ ದಿನದ ಮೇಲೆ ಮನೆಯಲ್ಲೇ ಊಟಕ್ಕೆ ಕೂತರು. ಬದನೆಕಾಯಿ ಪಲ್ಯ, ರೊಟ್ಟಿ, ಶೇಂಗಾ ಚಟ್ನಿ. ಕಮಲಾದೇವಿಯ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಮಂಚಕ್ಕೆ ಸರಿಸಿದ್ದರು. ಊಟದ ನಡುವೆ ಶಂಭುಲಿಂಗಯ್ಯ ಜೇಬಿನಿಂದ ಮಡಿಚಿದ ಕಾಗದ ತೆಗೆದರು.

"ಆಸ್ಪತ್ರಿಯವರು ಮನುಷ್ಯತ್ವ ಇದ್ದವರು. ಎರಡನೇ ಆಪರೇಷನ್ ಪೂರಾ ಬಿಟ್ಟಿ ಮಾಡಿ ಕೊಡ್ತಾರಂತ. ಕಟ್ಟಿದ ರೊಕ್ಕಾನೂ ವಾಪಸ್. ಇಲ್ಲಿ ಒಂದು ಸಹಿ ಹಾಕು ಕಮಲಾ. ವಕೀಲರು, ಕೋರ್ಟು ಅಂತ ತಿರಗೂದು ತಪ್ತದ."

"ಏನ್ ಬರದಾರ ಅದರಾಗ?"

"ಅದ, ಈಗ ಹೇಳಿದ್ನಲ್ಲ."

"ರಂಜನೀ, ನೀ ಓದಿ ಹೇಳು," ಎಂದರು ಕಮಲಾದೇವಿ.

ಶಿವರಂಜನಿ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಹಿಂದಿಯಲ್ಲಿ ಮನಸ್ಸಿನಲ್ಲೇ ಓದಿಕೊಂಡು, ತಡವರಿಸುತ್ತ ಕನ್ನಡದಲ್ಲಿ ಹೇಳತೊಡಗಿದಳು. "ಆಸ್ಪತ್ರೆ ಮಾಡಿದ ಇಲಾಜ್‌ನಲ್ಲಿ ನಮಗೆ ಶಿಕಾಯತ್, ದೂರು, ಇಲ್ಲ. ನಾವು ಯಾವ ಕೋರ್ಟಿಗೂ ಹೋಗೋದಿಲ್ಲ. ಸೋಂಕು..." ಹುಡುಗಿ ಅಷ್ಟಕ್ಕೇ ನಿಲ್ಲಿಸಿದಳು.

"ಮುಂದ?"

"ದಾದೀ, ಘರ್ ಪರ್ ದೇಖಭಾಲ್ ಮೇ ಲಾಪರವಾಹೀ..."

"ಕನ್ನಡದಾಗ ಹೇಳು."

"ಸೋಂಕು ಮನೆಯಲ್ಲಿ, ನೋಡಿಕೊಳ್ಳೋದರಲ್ಲಿ, ಬೇಪರವಾಯಿ, ಅಂದ್ರೆ ನಿರ್ಲಕ್ಷ್ಯ, ಮಾಡಿದ್ದಕ್ಕೆ ಆಯ್ತು. ಇದನ್ನ ನಾವು ಒಪ್ಪಿಕೊಳ್ತೀವಿ."

"ಯಾರು ಮಾಡಿದ್ದು?"

ಶಿವರಂಜನಿ ಅಮ್ಮನ ಕಡೆ ನೋಡಿದಳು. ಮಹೇಶ್ವರಿ ಚಟ್ನಿಯ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಕಮಲಾದೇವಿ ಗಂಡನ ಕಡೆ ತಿರುಗಿದರು. "ಐದನೇ ದಿನ ನನ್ನ ಹಾಸಿಗಿ ತೊಯ್ದಿತ್ತೋ ಇಲ್ಲೋ?"

"ಯಾರು ಹೇಳಿದ್ರು ನಿನಗ?"

"ಯಾರು ಹೇಳಿದ್ರು ಅಂತ ಕೇಳಲಿಕ್ಹತ್ತಿಲ್ಲ ನಾ. ತೊಯ್ದಿತ್ತೋ ಇಲ್ಲೋ?"

ಶಂಭುಲಿಂಗಯ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟರು.

"ತೊಯ್ದಿತ್ತು."

ಅವರೇ ಮುಂದುವರಿಸಿದರು.

"ಹಾಸಿಗಿ, ಚಾದರ, ಕೆಳಗಿನ ಗಾದಿ ತನಕ. ನಾ ಜಗಳಾ ಮಾಡ್ದೆ. ಡಾಕ್ಟರು ಹೊರಗ ಕರ್ಕೊಂಡು ಹೋಗಿ ಅಂದ್ರು, ಇದು ಎಲ್ಲಾರಿಗೂ ಆಗ್ತದ ಪಂಡಿತಜೀ, ನೀವು ನಮ್ಮ ಮನಿಯವರು, ಹೆದರಬ್ಯಾಡ್ರಿ ಅಂತ. ಮರುದಿನ ಡಿಸ್ಚಾರ್ಜ್ ಅಂದ್ರು. ಇಷ್ಟ ಲಗೂನ ಯಾಕಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅಲ್ಲಿ ಸೇರಿಸಿದಾಂವ ನಾ. ಆಮ್ಯಾಲೆ ಕೀವು ಬಂತು. ಮನಿಯಿಂದ ಅಂತ ಅವರಂದ್ರು, ನಾ ಹೂಂ ಅಂದೆ."

"ಹೂಂ ಅಂದು ಸುಮ್ನ ಕೂಡಲಿಲ್ಲ ನೀವು," ಎಂದರು ಕಮಲಾದೇವಿ. "ಊರಿಗೆಲ್ಲಾ ಹೇಳಿದ್ರಿ."

ಶಂಭುಲಿಂಗಯ್ಯ ಸೊಸೆಯ ಕಡೆ ನೋಡಲು ತಲೆ ಎತ್ತಿದರು. "ತಪ್ಪಾತವಾ," ಎಂದರು.

ಮಹೇಶ್ವರಿ ಬಟ್ಟಲನ್ನು ಕೆಳಗಿಟ್ಟಳು. ಅವಳ ದನಿ ಏರಲಿಲ್ಲ. "ನಾಕು ಗ್ವಾಡಿ ಒಳಗ ತಪ್ಪಾತಂದ್ರ ಏನ್ ಉಪಯೋಗ ಮಾವಾರ? ಎರಡು ತಿಂಗಳಿಂದ ನಾ ತರಕಾರಿ ತರಲಿಕ್ಕೆ ಕೆಳಗ ಇಳದಿಲ್ಲ. ಹೇಳೂದಿದ್ರ ಕಾಗದದ ಮ್ಯಾಲೆ ಹೇಳ್ರಿ. ಕೋರ್ಟಿನಾಗ ಹೇಳ್ರಿ."

ಶಂಭುಲಿಂಗಯ್ಯ ಆ ಊಟ ಪೂರ್ತಿ ಮಾಡಲಿಲ್ಲ. ಮೂರು ದಿನ ಅವರದು ಇಷ್ಟೇ: ಬೆಳಿಗ್ಗೆ ಸ್ನಾನ, ಪೂಜೆ, ಯಾತ್ರಿನಿವಾಸ, ಮಲಗುವುದು. ನೀಲಕಂಠ ಅವರನ್ನು ಒತ್ತಾಯಿಸಲು ಹೋದಾಗ ಕಮಲಾದೇವಿ ಬೇಡವೆಂದರು. ನಾಲ್ಕನೇ ದಿನ ಶಂಭುಲಿಂಗಯ್ಯ ಆಸ್ಪತ್ರೆಯ ಕಾಗದವನ್ನು ಸಹಿಯಿಲ್ಲದೆ ವಾಪಸು ಕೊಟ್ಟು ಬಂದರು. ಬಂದವರು, "ವಕೀಲರಿಗೆ ಫೋನ್ ಹಚ್ಚು," ಎಂದು ಮಗನಿಗೆ ಹೇಳಿದರು.

ಕೋರ್ಟಿನ ಆವರಣದಲ್ಲಿ, ಟೈಪಿನವನ ತಗಡಿನ ಮಾಡಿನ ಕೆಳಗೆ ಅಫಿಡವಿಟ್ಟು ತಯಾರಾಯಿತು. ಎರಡು ಪುಟ. ಅನಂತಲಕ್ಷ್ಮಿ ಓದಿ ಹೇಳಿದಳು. ಒಂದು ಕಡೆ ಶಂಭುಲಿಂಗಯ್ಯ ತಡೆದರು.

"ಇಲ್ಲಿ 'ನೋಡಿದೆ' ಅಂತಷ್ಟ ಹಾಕೀರಿ. ಈ ವಿಷಯ ನಾ ಮುಚ್ಚಿಟ್ಟಿದ್ದೆ, ನನ್ನ ಸೊಸಿ ಮ್ಯಾಲೆ ಅಪವಾದ ಬರಲಿಕ್ಕೆ ಬಿಟ್ಟಿದ್ದೆ ಅಂತಾನೂ ಹಾಕ್ರಿ."

"ಕೇಸಿಗೆ ಅದರ ಜರೂರತ್ ಇಲ್ಲ, ಚಾಚಾಜಿ. ಎದುರು ವಕೀಲ ಅದನ್ನೇ ಹಿಡಿದು ನಿಮ್ಮನ್ನ ಸುಳ್ಳುಗಾರ ಅಂತಾನೆ."

"ಅನ್ಲಿ. ಹಾಕ್ರಿ."

ಆಕೆ ಮಹೇಶ್ವರಿಯ ಮುಖ ನೋಡಿದಳು. ಟೈಪಿನವನು ಇನ್ನೊಂದು ಸಾಲು ಸೇರಿಸಿದ. ಶಂಭುಲಿಂಗಯ್ಯ ಕನ್ನಡದಲ್ಲಿ ಸಹಿ ಮಾಡಿದರು. ಆ ಸಂಜೆ ಯಾತ್ರಿನಿವಾಸದ ಅಡಿಗೆಮನೆಗೆ ಹೋಗಿ, ತೊಗರಿಬೇಳೆ ಅಳೆಯುತ್ತಿದ್ದ ಕುಮಾರಯ್ಯನ ಮುಂದೆ ಆ ಹಾಳೆಯ ನಕಲು ಹಿಡಿದು ಏನು ಬರೆದಿದೆ ಎಂದು ಹೇಳಿದರು. ಕುಮಾರಯ್ಯ ಮಹೇಶ್ವರಿಯ ಮನೆಗೆ ಬರಲಿಲ್ಲ, ಆದರೆ ಮುಂದಿನ ವಾರ ತರಕಾರಿಯವನ ಹತ್ತಿರ ಕಂಡಾಗ, "ಬಸಳೆ ಚಲೋ ಬಂದದ ನೋಡವಾ," ಎಂದ.

ಆ ಡಾಕ್ಟರು ಸೋಮವಾರ ಬರುವುದನ್ನು ನಿಲ್ಲಿಸಿದರು. ಮಠದವರು ಒಂದೆರಡು ಸಲ ಗೊಣಗಿದರು. ಕೌಸಲ್ಯಾ ದೊಡ್ಡಾಸ್ಪತ್ರೆಯ ಡಾಕ್ಟರ್ ಗೆಳತಿಯೊಬ್ಬರನ್ನು ಯಾತ್ರಿಕರನ್ನು ನೋಡಲು ತಿಂಗಳಿಗೆ ಎರಡು ಸಲ ಕಳಿಸಿಕೊಟ್ಟರು. ಕಮಲಾದೇವಿಗೆ ಹೊಸ ಕೀಲು ಹಾಕಲು ಆಗಲಿಲ್ಲ. ಎಲುಬು ತಡೆಯುವುದಿಲ್ಲ ಎಂದು ದೊಡ್ಡಾಸ್ಪತ್ರೆಯವರು ಕಾಲನ್ನು ನೆಟ್ಟಗೆ ಕೂಡಿಸಿಬಿಟ್ಟರು. ಅವರು ಕೋಲು ಹಿಡಿದು ನಡೆಯಲು ಕಲಿತರು. ಎತ್ತರದ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ತರಕಾರಿ ಹೆಚ್ಚುತ್ತಿದ್ದರು. ನೆಲಕ್ಕೆ ಕೂರಲು ಮತ್ತೆ ಆಗಲಿಲ್ಲ.

ಆಯೋಗದಲ್ಲಿ ಹದಿನಾಲ್ಕು ತಿಂಗಳು ಹಿಡಿಯಿತು. ಎದುರು ವಕೀಲ ಶಂಭುಲಿಂಗಯ್ಯನವರನ್ನು ಸುಳ್ಳುಗಾರ ಎಂದೇ ವಾದಿಸಿದ. ಹದಿನೈದನೆಯ ಹಾಳೆ ಎಲ್ಲಿ ಎಂದು ಆಯೋಗ ಮೂರು ಸಲ ಕೇಳಿತು. ನಕಲು ಮಾಡುವಾಗ ತಪ್ಪಿರಬೇಕು ಎಂದರು ಆಸ್ಪತ್ರೆಯವರು ಒಮ್ಮೆ. ಗೆದ್ದಲು ತಿಂದಿದೆ ಎಂದರು ಇನ್ನೊಮ್ಮೆ. ಹಾಳೆ ಕೊನೆಗೂ ಬರಲಿಲ್ಲ. ರಾಮದೇಯಿ ಆಟೋದಲ್ಲಿ ಬಂದು ತನ್ನ ಹೇಳಿಕೆ ಕೊಟ್ಟು ಹೋದಳು. ಅವಳ ದೂರು ಬೇರೆಯಾಗಿ ದಾಖಲಾಯಿತು.

ಆದೇಶ ಫೋನಿಗೆ ಬಂದದ್ದು ಒಂದು ಮಧ್ಯಾಹ್ನ. ಹನ್ನೊಂದು ಪುಟ. ಸೋಂಕು ತಗುಲಿತೆಂಬುದೇ ನಿರ್ಲಕ್ಷ್ಯವಲ್ಲ. ಆದರೆ ಗಾಯ ಸೋರುತ್ತಿರುವುದು ಗೊತ್ತಿದ್ದೂ ಪರೀಕ್ಷೆ ಮಾಡಿಸದೆ ಮನೆಗೆ ಕಳಿಸಿದ್ದು, ಆ ದಿನದ ದಾಖಲೆಯನ್ನು ಹಾಜರುಪಡಿಸದೆ ಹೋದದ್ದು ಸೇವೆಯಲ್ಲಿನ ಕೊರತೆ ಎಂದು ಆಯೋಗ ಹೇಳಿತ್ತು. ಕಟ್ಟಿದ ಹಣ ಹಿಂದಕ್ಕೆ, ಮೇಲೆ ಪರಿಹಾರ. ಕೇಳಿದ್ದರಲ್ಲಿ ಅದು ಅರ್ಧಕ್ಕಿಂತ ಕಡಿಮೆ. ಆಸ್ಪತ್ರೆಯವರು ಲಖನೌದ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗುತ್ತಾರೆ, ತಯಾರಿರಿ ಎಂದು ಅನಂತಲಕ್ಷ್ಮಿ ಫೋನಿನಲ್ಲೇ ಎಚ್ಚರಿಸಿದಳು.

ಶಿವರಂಜನಿ ಕೋಚಿಂಗಿಗೆ ಹೋಗಿದ್ದಳು. ಶಂಭುಲಿಂಗಯ್ಯ ಕನ್ನಡಕ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತು, ಹಿಂದಿಯನ್ನು ಬೆರಳಿಟ್ಟು ಓದತೊಡಗಿದರು. ಕಮಲಾದೇವಿ ಬೀನ್ಸಿನ ನಾರು ತೆಗೆಯುತ್ತಿದ್ದರು. ಮಹೇಶ್ವರಿ ಒಲೆಯ ಹತ್ತಿರವಿದ್ದಳು. ಹಣದ ಸಾಲುಗಳನ್ನೆಲ್ಲ ದಾಟಿ ಅವರ ಬೆರಳು ಒಂಬತ್ತನೇ ಪುಟಕ್ಕೆ ಬಂದು ನಿಂತಿತು. ಒಲೆಯ ಕಡೆಗೂ ಕೇಳಿಸುವ ಹಾಗೆ ಅವರು ಗಟ್ಟಿಯಾಗಿ ಹೇಳಿದರು:

"ಮನಿಯೊಳಗ ನೋಡಿಕೊಂಡಿದ್ರಾಗ ಯಾವ ತಪ್ಪೂ ಇಲ್ಲ, ಸೊಸೀದು ಏನೂ ತಪ್ಪಿಲ್ಲ ಅಂತ ಬರದಾರ."

"ಅದು ನಮಗ ಮೊದಲ ಗೊತ್ತಿತ್ತು," ಎಂದರು ಕಮಲಾದೇವಿ, ಇನ್ನೊಂದು ಬೀನ್ಸ್ ಎತ್ತಿಕೊಳ್ಳುತ್ತ. "ಮುಂದ ಏನದ ಹೇಳ್ರಿ."